ಸೆಕೆಯಲ್ಲಿ ದುಡಿಯುವವರಿಗೆ ಕೂಲಿಂಗ್ ವೆಸ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈ ಬೆವರಿದರೂ ಬೆವರು ಆರದ ಜಾಗಗಳಿವೆ: ಲಾಂಡ್ರಿ, ಬಟ್ಟೆಗೆ ಬಣ್ಣ ಹಾಕುವ ಘಟಕ, ಹಡಗಿನ ಎಂಜಿನ್ ಕೋಣೆ, ಮಳೆ ನಿಂತ ಮೇಲಿನ ಬಿಸಿಲಲ್ಲಿ ನಡೆಯುವ ಕಟ್ಟಡ ಕೆಲಸ, ರಾಸಾಯನಿಕ ತಡೆಯುವ ಸೂಟಿನ ಒಳಗು. ಇಂಥಲ್ಲಿ ದುಡಿಯುವವರೂ ಅವರಿಗೆ ತಂಪು ಉಡುಪು ಕೊಡಿಸಿ ನೋಡಿಕೊಳ್ಳುವವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಒಣ ಬಿಸಿಲಲ್ಲಿ ಹಿತವಾಗಿದ್ದ ನೆನೆಸುವ ವೆಸ್ಟ್ ಸೆಕೆಯಲ್ಲಿ ಏಕೆ ಕೈಕೊಡುತ್ತದೆ?

ನೆನೆಸಿ ಹಾಕುವ ವೆಸ್ಟ್ ತಂಪು ಕೊಡುವುದು ಅದರೊಳಗಿನ ನೀರು ಆವಿಯಾದಾಗ ಮಾತ್ರ. ನಮ್ಮ ಬೆವರಿನ ಕಥೆಯೂ ಅದೇ. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಗಂಟೆಗೆ ಒಂದು ಲೀಟರ್ ಎಂದರೆ ಹೆಚ್ಚುಕಡಿಮೆ 670 ವಾಟ್. ಭಾರೀ ಕೆಲಸದಲ್ಲಿ ಮೈ ಹುಟ್ಟಿಸುವ ಶಾಖ 400ರಿಂದ 500 ವಾಟ್ ಅಷ್ಟೇ, ಆದ್ದರಿಂದ ಒಣ ಹವೆಯಲ್ಲಿ ಬೆವರೊಂದೇ ಸಾಕಾಗುತ್ತದೆ. ಆದರೆ ಬೆವರು ಆರದೆ ನೆಲಕ್ಕೆ ತೊಟ್ಟಿಕ್ಕಿದರೆ ಅದರಿಂದ ಬರುವ ತಂಪು ಸೊನ್ನೆ. ನೀರು, ಉಪ್ಪು ಎರಡೂ ದಂಡ.

ಆವಿಯಾಗುವ ವೇಗವನ್ನು ನಿರ್ಧರಿಸುವುದು ಚರ್ಮದ ಬಳಿಯ ಮತ್ತು ಗಾಳಿಯಲ್ಲಿನ ಆವಿ ಒತ್ತಡಗಳ ಅಂತರ. 35 ಡಿಗ್ರಿ ಸೆಲ್ಸಿಯಸ್‌ನ ಒದ್ದೆ ಚರ್ಮದ ಬಳಿ ಆ ಒತ್ತಡ 5.6 ಕಿಲೋಪಾಸ್ಕಲ್. ಗಾಳಿಯೂ 35 ಡಿಗ್ರಿ ಇದ್ದು ತೇವಾಂಶ ಶೇ. 30 ಆದರೆ ಗಾಳಿಯದು 1.7, ಅಂತರ 3.9. ತೇವಾಂಶ ಶೇ. 80ಕ್ಕೆ ಏರಿದರೆ ಗಾಳಿಯದು 4.5, ಅಂತರ ಬರೀ 1.1. ಥರ್ಮಾಮೀಟರ್ ತೋರಿಸುವುದು ಅದೇ 35, ಬೆವರಿನ ಬಲ ಮಾತ್ರ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಕುಸಿದಿರುತ್ತದೆ.

ನೆನೆಸಿದ ಬಟ್ಟೆ ಎಷ್ಟೇ ಮಾಡಿದರೂ ಒದ್ದೆ ಬಲ್ಬಿನ ಉಷ್ಣತೆಗಿಂತ, ಅಂದರೆ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದ ಥರ್ಮಾಮೀಟರ್ ತೋರಿಸುವುದಕ್ಕಿಂತ, ಕೆಳಗೆ ಇಳಿಯದು. 40 ಡಿಗ್ರಿ, ಶೇ. 20 ತೇವಾಂಶದಲ್ಲಿ ಅದು ಸುಮಾರು 22 ಡಿಗ್ರಿ. 35 ಡಿಗ್ರಿ, ಶೇ. 80ರಲ್ಲಿ ಸುಮಾರು 32. ಮೂವತ್ತೆರಡು ಡಿಗ್ರಿಯ ಒದ್ದೆ ಬಟ್ಟೆಯನ್ನು ಮೈಗೆ ಕಟ್ಟಿಕೊಂಡರೆ ಸಿಗುವುದು ಭಾರ ಮತ್ತು ಅಂಟಂಟು. ಅದರ ಅಡಿಯ ಬೆವರಿಗೂ ದಾರಿ ಮುಚ್ಚಿಹೋಗುತ್ತದೆ. ಕವರಾಲ್ (ಮೈಪೂರ್ತಿ ಮುಚ್ಚುವ ಕೆಲಸದ ಉಡುಪು) ಒಳಗಂತೂ ಇದನ್ನು ಹಾಕಲೇಬಾರದು.

ಹಾಗಾದರೆ ಸೆಕೆಗೆ ಯಾವುದು ಸರಿ?

ಶಾಖವನ್ನು ಗಾಳಿಗೆ ಬಿಡುವ ಬದಲು ತಾನೇ ಹೀರಿಕೊಳ್ಳುವಂಥದ್ದು, ಇಲ್ಲವೇ ಬೇರೆಡೆಗೆ ಸಾಗಿಸುವಂಥದ್ದು. ಹೀರಿಕೊಳ್ಳುವುದು ಐಸ್ ಮತ್ತು ಪಿಸಿಎಂ ಪ್ಯಾಕ್‌ಗಳು. ಪಿಸಿಎಂ ಎಂದರೆ ನಿಗದಿತ ಉಷ್ಣತೆಯಲ್ಲಿ ಕರಗಿ, ತಂಪಾದಾಗ ಮತ್ತೆ ಗಟ್ಟಿಯಾಗುವ ಮೇಣ ಅಥವಾ ಲವಣ. ಸಾಗಿಸುವುದು ಸಣ್ಣ ಕೊಳವೆಗಳಲ್ಲಿ ತಣ್ಣೀರು ಹರಿಸುವ ವೆಸ್ಟ್ ಮತ್ತು ಕಂಪ್ರೆಸರ್ ಗಾಳಿಯ ವೆಸ್ಟ್. ಫ್ಯಾನ್ ಜಾಕೆಟ್ ಇವೆರಡಕ್ಕೂ ಸೇರದು, ಅದರ ವಿಚಾರ ಮುಂದಿದೆ.

ಓಡಾಡುವ ಕೆಲಸ, ಗಂಟೆಗೊಮ್ಮೆ ಬಿಡುವು ಸಿಗುತ್ತದೆ ಎಂದಾದರೆ ಪಿಸಿಎಂ. ಒಂದೇ ಕಡೆ ನಿಂತು ಮಾಡುವ ಕೆಲಸ, ಪಕ್ಕದಲ್ಲಿ ಶುದ್ಧ ಗಾಳಿಯ ಲೈನ್ ಇದೆ ಎಂದಾದರೆ ಕಂಪ್ರೆಸರ್ ವೆಸ್ಟ್. ಮುಚ್ಚಿದ ಸೂಟಿನೊಳಗೆ ದೀರ್ಘ ಕೆಲಸವಿದ್ದರೆ ನೀರಿನ ವೆಸ್ಟ್.

ಐಸ್‌ಗೇ ಹೆಚ್ಚು ಶಕ್ತಿ ಇದೆಯಲ್ಲ, ಪಿಸಿಎಂಗೆ ಏಕೆ ದುಡ್ಡು ಸುರಿಯಬೇಕು?

ತೂಕಕ್ಕೆ ತೂಕ ನೋಡಿದರೆ ಐಸ್ ಮುಂದೆ, ನಿಜ. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಬೇಕು, ಕರಗಿದ ನೀರು 30 ಡಿಗ್ರಿಗೆ ಏರುವಷ್ಟರಲ್ಲಿ ಇನ್ನೂ 125 ಹೀರುತ್ತದೆ. ಪಿಸಿಎಂ ಕಿಲೋಗೆ ಸಾಮಾನ್ಯವಾಗಿ 150ರಿಂದ 220 ಕಿಲೋಜೂಲ್ ಅಷ್ಟೇ.

ತೊಂದರೆ ಇರುವುದು ಚರ್ಮದಲ್ಲಿ. ಸೊನ್ನೆ ಡಿಗ್ರಿ ತಾಗಿದ ಕೂಡಲೇ ಅಲ್ಲಿನ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಒಳಗಿನ ಬಿಸಿಯನ್ನು ಹೊರಗೆ ತರಬೇಕಾದ ರಕ್ತವೇ ಅತ್ತ ಸುಳಿಯುವುದಿಲ್ಲ. ಮೇಲೆ ಕೊರೆಯುವ ಚಳಿ, ಒಳಗೆ ಕುದಿ. ಜೊತೆಗೆ ಮೈನಸ್ 18 ಡಿಗ್ರಿ ಫ್ರೀಜರ್‌ನಿಂದ ತೆಗೆದ ಪ್ಯಾಕ್ ನೇರ ಚರ್ಮಕ್ಕೆ ತಾಗಿದರೆ ಹಿಮಗಾಯವಾಗಬಹುದು. ಐಸನ್ನೇ ಬಳಸುವುದಾದರೆ ನಡುವೆ ದಪ್ಪ ಬಟ್ಟೆಯ ಪದರ ಇರಲಿ, ಫ್ರೀಜರ್‌ನಿಂದ ತೆಗೆದು ಕೆಲವು ನಿಮಿಷ ಹೊರಗಿಟ್ಟು ಹಾಕಿ. ಚಳಿಗೆ ಬೆರಳು ಬಿಳಿಚಿಕೊಳ್ಳುವವರಿಗೆ, ತಣ್ಣಗಿನದು ತಾಗಿದರೆ ಗಂಧೆ ಏಳುವವರಿಗೆ ಐಸ್ ವೆಸ್ಟ್ ಬೇಡವೇ ಬೇಡ.

ಪಿಸಿಎಂನಲ್ಲಿ ಎಷ್ಟು ಡಿಗ್ರಿಯದು ತೆಗೆದುಕೊಳ್ಳಬೇಕು?

15, 18, 21, 24, 28 ಡಿಗ್ರಿಯಲ್ಲಿ ಕರಗುವಂಥವು ಬಳಕೆಯಲ್ಲಿವೆ. ಬಿಸಿಯಾದ ಚರ್ಮ 34–35 ಡಿಗ್ರಿ ಇರುತ್ತದೆ. ಪ್ಯಾಕಿನ ಉಷ್ಣತೆಗೂ ಇದಕ್ಕೂ ಇರುವ ಅಂತರವೇ ಶಾಖವನ್ನು ಎಳೆಯುವ ಬಲ. 28ರ ಪ್ಯಾಕ್‌ಗೆ ಸಿಗುವುದು ಆರೇಳು ಡಿಗ್ರಿ ಅಂತರ, 18ರದಕ್ಕೆ ಹದಿನಾರು. ಅಂದರೆ 28ರದು ಹೆಚ್ಚು ಹೊತ್ತು ಬಾಳುತ್ತದೆ, ಆದರೆ ಮೆಲ್ಲಗೆ ಎಳೆಯುತ್ತದೆ. ಅದು ಬಾಳುವುದನ್ನೇ ಗುಣವೆಂದು ತಿಳಿದು ಬಹಳ ಮಂದಿ ಮೋಸ ಹೋಗುತ್ತಾರೆ. ಭಾರೀ ಕೆಲಸಕ್ಕೆ 15ರಿಂದ 21ರ ನಡುವಿನದು ಒಳ್ಳೆಯದು. ಹಗುರ ಕೆಲಸ, ದೀರ್ಘ ಪಾಳಿ, ಚಳಿ ತಡೆಯದ ಜನ ಎಂದಾದರೆ 24 ಅಥವಾ 28 ನಡೆದೀತು.

ಇನ್ನೊಂದು ವಿಷಯ ಗೊತ್ತಿರಲಿ. ಮೇಣ ಜಾತಿಯ ಪಿಸಿಎಂ ಉರಿಯುವ ವಸ್ತು, ಬೆಂಕಿ ಕಿಡಿ ಇರುವ ಕಡೆ ಸಲ್ಲದು. ಲವಣ ಜಾತಿಯದು ಉರಿಯುವುದಿಲ್ಲ, ಆದರೆ ಹಳತಾದಂತೆ ಲವಣ ಅಡಿಗೆ ಕೂತು ನೀರು ಬೇರೆಯಾಗುತ್ತದೆ, ಗಟ್ಟಿಯಾಗಲು ಹಟ ಮಾಡುತ್ತದೆ. ಅವುಗಳನ್ನು ಯಾವಾಗಲೂ ಅಡ್ಡಲಾಗಿ ಮಲಗಿಸಿಯೇ ಇಡಿ.

ಡಬ್ಬದ ಮೇಲೆ "4 ಗಂಟೆ" ಎಂದಿದೆ. ನಂಬಬಹುದೇ?

ಲೆಕ್ಕ ಮಾಡಿ ನೋಡಿ. 2 ಕಿಲೋ ಪಿಸಿಎಂ, ಕಿಲೋಗೆ 200 ಕಿಲೋಜೂಲ್: ಒಟ್ಟು 400. ಮೈಗೆ ನಿಜವಾಗಿ ಅನುಕೂಲವಾಗಬೇಕಾದರೆ ಸುಮಾರು 100 ವಾಟ್ ಆದರೂ ಎಳೆಯಬೇಕು. 400 ಕಿಲೋಜೂಲನ್ನು 100 ವಾಟ್‌ನಿಂದ ಭಾಗಿಸಿದರೆ 4,000 ಸೆಕೆಂಡ್, ಅಂದರೆ 67 ನಿಮಿಷ. ಅದರಲ್ಲೂ ಒಂದಷ್ಟು ಪಾಲು ಸುತ್ತಲಿನ ಬಿಸಿ ಗಾಳಿಗೆ ಹೋಗುತ್ತದೆ. ಅದೇ ಪ್ಯಾಕ್ ನಾಲ್ಕು ಗಂಟೆ ಬರಬೇಕಾದರೆ 28 ವಾಟ್‌ಗಿಂತ ಹೆಚ್ಚು ಎಳೆಯುವಂತಿಲ್ಲ. ಅಷ್ಟು ಕಡಿಮೆ ಎಳೆತದಿಂದ ಭಾರೀ ಕೆಲಸದವನಿಗೆ ಆಗುವ ಉಪಕಾರ ಅತ್ಯಲ್ಪ.

ಇನ್ನೊಂದು ಕಡೆಯಿಂದಲೂ ನೋಡಬಹುದು. 70 ಕಿಲೋ ತೂಕದ ಮೈಯ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 245 ಕಿಲೋಜೂಲ್ ಸಾಕು. ಹೊರಗೆ ಹೋಗದೆ ಉಳಿಯುವ ಶಾಖ 100 ವಾಟ್ ಇದ್ದರೆ ಆ ಒಂದು ಡಿಗ್ರಿ ನಲವತ್ತು ನಿಮಿಷದಲ್ಲಿ ಏರಿಬಿಡುತ್ತದೆ. ಒಳ್ಳೆಯ ವೆಸ್ಟ್ ಈ ನಲವತ್ತು ನಿಮಿಷವನ್ನು ಮುಂದಕ್ಕೆ ತಳ್ಳುತ್ತದೆ. ಪ್ಯಾಕ್ ಪೂರ್ತಿ ಕರಗಿದ ಮೇಲೂ ಹಾಕಿಕೊಂಡೇ ಇದ್ದರೆ ಅದು ಎರಡು ಕಿಲೋ ಭಾರದ ಬಿಸಿ ಕಂಬಳಿ. ಪ್ಯಾಕನ್ನು ಹಿಸುಕಿ ನೋಡಿ. ಎಲ್ಲೂ ಗಂಟು ಸಿಗದೆ ಪೂರ್ತಿ ಮೆತ್ತಗಾಗಿದ್ದರೆ ಬದಲಿಸುವ ಹೊತ್ತು ಬಂದಿದೆ.

ವೆಸ್ಟ್ ಹೊರಗೆಲ್ಲ ನೀರು ಇಳಿಯುತ್ತಿದೆ. ಪ್ಯಾಕ್ ಸೋರುತ್ತಿದೆಯೇ?

ಬಹುಪಾಲು ಇಲ್ಲ. ಅದು ಗಾಳಿಯ ನೀರು, ತಣ್ಣನೆಯ ಲೋಟದ ಹೊರಗೆ ಹನಿಗಟ್ಟುವ ಹಾಗೆ. 32 ಡಿಗ್ರಿ, ಶೇ. 80 ತೇವಾಂಶದ ಗಾಳಿಯ ಇಬ್ಬನಿ ಬಿಂದು ಸುಮಾರು 28 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈ ಮೇಲೂ ಹನಿ ಕೂರುತ್ತದೆ.

ಇದನ್ನು ಬರೀ ಕಿರಿಕಿರಿ ಎಂದು ಬಿಟ್ಟುಬಿಡಬೇಡಿ. ಆವಿ ನೀರಾಗುವಾಗ ತನ್ನ ಶಾಖವನ್ನೆಲ್ಲ ಪ್ಯಾಕ್‌ಗೆ ಸುರಿಯುತ್ತದೆ. 50 ಗ್ರಾಂ ನೀರು ಹನಿಗಟ್ಟಿತೆಂದರೆ 120 ಕಿಲೋಜೂಲ್ ಹೋಯಿತು. ಮೇಲಿನ ಲೆಕ್ಕದ 400ರಲ್ಲಿ ಶೇ. 30. ಕೆಲಸಗಾರನಿಗೆ ಸೇರಬೇಕಿದ್ದ ತಂಪನ್ನು ಕೋಣೆಯ ಗಾಳಿ ಕುಡಿದುಬಿಡುತ್ತದೆ. ಒಣ ಹವೆಯಲ್ಲಿ ಈ ನಷ್ಟವೇ ಇಲ್ಲ, ಆದ್ದರಿಂದ ಅಲ್ಲಿನ ಅನುಭವ ಇಲ್ಲಿಗೆ ಹೊಂದುವುದಿಲ್ಲ.

ಪರಿಹಾರ ಸರಳ. ವೆಸ್ಟಿನ ಹೊರಮೈಗೆ ಫೋಮ್ ಪದರವೂ ಅದರ ಮೇಲೆ ಆವಿ ಬಿಡದ ಬಟ್ಟೆಯೂ ಇರಬೇಕು. ಇಲ್ಲದಿದ್ದರೆ ವೆಸ್ಟ್ ಮೇಲೆ ಕವರಾಲ್ ಅಥವಾ ದಪ್ಪ ಅಂಗಿ ಹಾಕಿಸಿ. ನಿಜವಾಗಿ ಸೋರಿದ್ದರೆ ಬೆರಳಿಗೆ ಎಣ್ಣೆಯ ಜಿಡ್ಡು ಅಥವಾ ಉಪ್ಪಿನ ಒರಟು ಸಿಗುತ್ತದೆ. ಆ ಪ್ಯಾಕ್ ಎಸೆಯಿರಿ, ಟೇಪ್ ಹಚ್ಚಿ ಉಳಿಸಲು ಹೋಗಬೇಡಿ.

ಕರಗಿದ ಪ್ಯಾಕನ್ನು ಬೇಗ ಗಟ್ಟಿ ಮಾಡುವುದು ಹೇಗೆ? ಎಷ್ಟು ಐಸ್ ಬೇಕು?

ಐಸ್ ನೀರಿನ ತೊಟ್ಟಿಯೇ ಉತ್ತಮ. ಒಂದು ವೆಸ್ಟಿನ 2 ಕಿಲೋ ಪಿಸಿಎಂ ಗಟ್ಟಿಯಾಗಲು 400 ಕಿಲೋಜೂಲ್, ತಣ್ಣಗಾಗಲು ಇನ್ನೊಂದು ನೂರಿಪ್ಪತ್ತು, ಒಟ್ಟು 520 ಹೊರತೆಗೆಯಬೇಕು. 334ರಿಂದ ಭಾಗಿಸಿದರೆ 1.6 ಕಿಲೋ ಐಸ್. ತೊಟ್ಟಿಯ ನಷ್ಟ ಸೇರಿಸಿ ವೆಸ್ಟ್ ಒಂದಕ್ಕೆ, ಒಂದು ಸುತ್ತಿಗೆ 2ರಿಂದ 2.5 ಕಿಲೋ ಇಟ್ಟುಕೊಳ್ಳಿ. ಹತ್ತು ಜನ, ದಿನಕ್ಕೆ ನಾಲ್ಕು ಸುತ್ತು ಎಂದರೆ 80ರಿಂದ 100 ಕಿಲೋ. ಈ ಅಂಕಿ ನೋಡಿದ ಮೇಲೆ ಯೋಜನೆ ಕೈಬಿಡುವವರೂ ಇದ್ದಾರೆ. ವೆಸ್ಟ್ ಕೊಂಡ ಮೇಲೆ ಗೊತ್ತಾಗುವುದಕ್ಕಿಂತ ಅದೇ ಮೇಲು.

1. ಮುಚ್ಚಳವಿರುವ ಥರ್ಮೋಕೋಲ್ ಪೆಟ್ಟಿಗೆಗೆ ಮೊದಲು ನೀರು, ಆಮೇಲೆ ಐಸ್ ಹಾಕಿ. ಬರೀ ಐಸ್ ತುಂಡುಗಳ ನಡುವೆ ಗಾಳಿ ನಿಲ್ಲುತ್ತದೆ, ಪ್ಯಾಕ್ ತಣ್ಣಗಾಗುವುದು ತಡವಾಗುತ್ತದೆ.
2. ಪ್ಯಾಕ್‌ಗಳನ್ನು ಬಿಡಿಸಿ, ಒಂದಕ್ಕೊಂದು ಅಂಟದಂತೆ ಇಡಿ.
3. ಐದು ಹತ್ತು ನಿಮಿಷಕ್ಕೊಮ್ಮೆ ನೀರನ್ನು ಕಲಕಿ. ಇಲ್ಲವಾದರೆ ಪ್ಯಾಕಿನ ಸುತ್ತ ಬೆಚ್ಚಗಿನ ನೀರು ನಿಂತುಬಿಡುತ್ತದೆ.
4. ಮುಕ್ಕಾಲು ಗಂಟೆಯ ಬಳಿಕ ಬಗ್ಗಿಸಿ ನೋಡಿ. ನಡುವೆ ಮೆತ್ತಗಿದ್ದರೆ ಇನ್ನೂ ಆಗಿಲ್ಲ. ಅಂಚು ಮಾತ್ರ ಗಟ್ಟಿಯಾದ ಪ್ಯಾಕ್ ಅರ್ಧ ಗಂಟೆಯಲ್ಲಿ ಕೈಕೊಡುತ್ತದೆ.
5. ಒರೆಸಿ ಒಣಗಿಸಿಯೇ ವೆಸ್ಟಿಗೆ ತುಂಬಿ.

ಫ್ರಿಜ್ಜಿನಲ್ಲಿ ಇದೇ ಕೆಲಸಕ್ಕೆ ಹಲವು ಗಂಟೆ ಹಿಡಿಯುತ್ತದೆ, ಒಂದೇ ಸಲ ಹತ್ತು ವೆಸ್ಟ್ ತುರುಕಿದರೆ ರಾತ್ರಿಯಿಡೀ. ತೊಟ್ಟಿ ಇದ್ದರೆ ಒಬ್ಬರಿಗೆ ಎರಡು ಸೆಟ್ ಪ್ಯಾಕ್ ಸಾಕು. ಫ್ರಿಜ್ ಒಂದೇ ಗತಿ ಎಂದಾದರೆ ಪಾಳಿಗೆ ಬೇಕಾದಷ್ಟೂ ಸೆಟ್ ಮುಂಚೆಯೇ ತಯಾರಿರಬೇಕು. 28 ಡಿಗ್ರಿಯದು ತಣ್ಣಗಿನ ಕೋಣೆಯಲ್ಲಿ ತಾನಾಗಿಯೇ ಗಟ್ಟಿಯಾಗುತ್ತದೆ ಎನ್ನುವುದು ಸರಿ, ಆದರೆ ಉಗ್ರಾಣವೇ 32 ಡಿಗ್ರಿ ಇದ್ದರೆ ಅದು ಇಟ್ಟಲ್ಲಿಯೇ ಕರಗಿ ಕೂತಿರುತ್ತದೆ.

ವೆಸ್ಟನ್ನು ಮೈಗೆ ನೇರವಾಗಿ ಹಾಕಬೇಕೇ?

ತೆಳು ಹತ್ತಿ ಬನಿಯನ್ ಮೇಲೆ, ಬಿಗಿಯಾಗಿ. ಬನಿಯನ್ ಬೆವರಿಗೆ ಒದ್ದೆಯಾದರೆ ಚಿಂತೆಯಿಲ್ಲ, ಒದ್ದೆ ಬಟ್ಟೆ ಶಾಖವನ್ನು ಇನ್ನೂ ಚೆನ್ನಾಗಿ ದಾಟಿಸುತ್ತದೆ. ವೈರಿ ಎಂದರೆ ಗಾಳಿಯ ಸಂದು. ಅರ್ಧ ಸೆಂಟಿಮೀಟರ್ ಸಂದು ಉಳಿದರೂ ಅದು ಒಳ್ಳೆಯ ಶಾಖನಿರೋಧಕ. ಸಣ್ಣ ಮೈಯವರಿಗೆ ದೊಡ್ಡ ಅಳತೆಯ ವೆಸ್ಟ್ ಕೊಟ್ಟು "ತಂಪೇ ಇಲ್ಲ" ಎಂಬ ದೂರು ಬರುವುದು ಇದರಿಂದಲೇ. ಪಕ್ಕೆಯ ಪಟ್ಟಿ ಎಳೆದು ಕಟ್ಟಿ, ಆದರೆ ದೀರ್ಘ ಉಸಿರು ಎಳೆಯಲು ತಡೆಯಾಗಬಾರದು.

ಫ್ಯಾನ್ ಜಾಕೆಟ್ ಸೆಕೆಯಲ್ಲಿ ಕೆಲಸ ಮಾಡುತ್ತದೆಯೇ?

ಮಾಡುತ್ತದೆ, ಮಿತಿಯೊಳಗೆ. ಇದು ಜಪಾನಿನಿಂದ ಬಂದ ಉಡುಪು. ಸೋನಿಯಲ್ಲಿ ಎಂಜಿನಿಯರ್ ಆಗಿದ್ದ ಹಿರೋಶಿ ಇಚಿಗಾಯಾ ರೂಪಿಸಿದ್ದು. ಸೊಂಟದ ಹಿಂದಿನ ಎರಡು ಫ್ಯಾನ್ ಹೊರಗಿನ ಗಾಳಿಯನ್ನು ಒಳಗೆಳೆದು ಬೆನ್ನು, ಎದೆಯ ಮೇಲೆ ಹಾಯಿಸಿ ಕೊರಳು ಮತ್ತು ತೋಳಿನಿಂದ ಹೊರಬಿಡುತ್ತವೆ. ಗಾಳಿಯನ್ನು ಅವು ತಣ್ಣಗೆ ಮಾಡುವುದಿಲ್ಲ. ಬೆವರಿನ ಬಳಿ ನಿಂತ ಒದ್ದೆ ಗಾಳಿಯನ್ನು ಗುಡಿಸಿಹಾಕುತ್ತವೆ. ಶೇ. 80 ತೇವಾಂಶದಲ್ಲಿ ಆವಿ ಒತ್ತಡದ ಅಂತರ ಕಡಿಮೆಯಾದರೂ ಸೊನ್ನೆಯಲ್ಲವಲ್ಲ, ಅಷ್ಟನ್ನು ಪೂರ್ತಿ ಬಳಸಿಕೊಳ್ಳಲು ಗಾಳಿಯ ಓಟ ಬೇಕು. ನೆನೆಸುವ ವೆಸ್ಟ್ ಸೋತಲ್ಲಿ ಇದು ಸ್ವಲ್ಪವಾದರೂ ಗೆಲ್ಲುವುದು ಹೀಗೆ.

ಗಾಳಿ ಬಿಸಿಯೂ ಒದ್ದೆಯೂ ಆಗಿ ಚರ್ಮವನ್ನೇ ಮೀರಿಸಿದಾಗ ಮಾತ್ರ ಜಾಕೆಟ್ ಬಿಸಿಗಾಳಿ ಊದುವ ಯಂತ್ರವಾಗುತ್ತದೆ. ಆಗ ಜಾಕೆಟ್ ಒಳಗೆ ಪಿಸಿಎಂ ವೆಸ್ಟ್ ಹಾಕಿಕೊಳ್ಳುವುದುಂಟು. ಗಾಳಿ ಆ ಪ್ಯಾಕಿನ ಮೇಲೇ ಬೀಸಿ ಅದನ್ನು ಬೇಗ ಕರಗಿಸುತ್ತದೆ ಎಂಬುದನ್ನು ಮರೆಯದೆ, ಹೊರಪದರ ಇರುವ ವೆಸ್ಟನ್ನೇ ಆರಿಸಿ.

ಜಾಕೆಟ್ ಉಬ್ಬದೆ ಇದ್ದರೆ: ಸೊಂಟದ ಎಲಾಸ್ಟಿಕ್ ಸಡಿಲವಾಗಿದೆ, ಅಥವಾ ಫ್ಯಾನ್ ಜಾಲರಿಗೆ ನೂಲು, ಧೂಳು ಕಟ್ಟಿದೆ, ಅಥವಾ ಒಳಗಿನ ಅಂಗಿಯೇ ಫ್ಯಾನ್ ಬಾಯಿಗೆ ಅಂಟಿಕೊಂಡಿದೆ. ಬ್ಯಾಟರಿ ಲೆಕ್ಕವೂ ಸುಲಭ. 7.4 ವೋಲ್ಟ್, 6,700 ಮಿಲಿಆಂಪ್-ಗಂಟೆ ಎಂದರೆ ಸುಮಾರು 50 ವಾಟ್-ಗಂಟೆ. ಫ್ಯಾನ್ ಜೋಡಿ 6 ವಾಟ್ ತಿಂದರೆ ಎಂಟು ಗಂಟೆ, ಜೋರಾಗಿಟ್ಟು 18 ವಾಟ್ ಆದರೆ ಮೂರು ಗಂಟೆಯೂ ಇಲ್ಲ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಬಿಸಿ ಜಾಗದಲ್ಲಿ ಚಾರ್ಜ್ ಮಾಡಬೇಡಿ, ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ.

ವಿಷದ ಧೂಳು, ಕಲ್ನಾರು, ಕೀಟನಾಶಕ ಸಿಂಪಡಣೆ, ಸ್ಫೋಟಕ ಆವಿ ಇರುವಲ್ಲಿ ಫ್ಯಾನ್ ಜಾಕೆಟ್ ನಿಷಿದ್ಧ. ಅದು ಎಲ್ಲವನ್ನೂ ಎಳೆದು ಮೈಗೇ ಬಡಿಯುತ್ತದೆ.

ನೀರು ಹರಿಯುವ ವೆಸ್ಟಿನಿಂದ ಎಷ್ಟು ತಂಪು ಸಿಗುತ್ತದೆ?

ಅಪೋಲೊ ಗಗನಯಾತ್ರಿಗಳು ಚಂದ್ರನ ಮೇಲೆ ತೊಟ್ಟದ್ದು ಇದೇ ಬಗೆಯದು. ನಿಮಿಷಕ್ಕೆ ಅರ್ಧ ಲೀಟರ್ ನೀರು ಹರಿದು, ಒಳಹೋಗುವ ಮತ್ತು ಹೊರಬರುವ ನೀರಿನ ಅಂತರ 3 ಡಿಗ್ರಿ ಇದ್ದರೆ ಎಳೆದ ಶಾಖ ಸುಮಾರು 105 ವಾಟ್. ಎರಡು ಥರ್ಮಾಮೀಟರ್, ಒಂದು ಅಳತೆಯ ಜಗ್ಗು ಇದ್ದರೆ ಇದನ್ನು ನೀವೇ ಅಳೆಯಬಹುದು. ಒಳಹೋಗುವ ನೀರು 15ರಿಂದ 20 ಡಿಗ್ರಿ ಇರಲಿ, ಅದಕ್ಕಿಂತ ತಣ್ಣಗಾದರೆ ರಕ್ತನಾಳ ಬಿಗಿಯುವ ಹಳೆಯ ತಕರಾರೇ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಬಾಗಿದಾಗ ಕೊಳವೆ ಮಡಚಿಕೊಳ್ಳುತ್ತದೆ. ಪಂಪಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ: ಪೆಟ್ಟಿಗೆಗೆ ಬರೀ ಐಸ್ ತುಂಬಿ ನೀರು ಕಡಿಮೆ ಹಾಕಿದಾಗ ಹೀಗಾಗುತ್ತದೆ, ಪಂಪಿನ ಬಾಯಿ ಮುಳುಗುವಷ್ಟು ನೀರು ಹಾಕಿ, ವೆಸ್ಟನ್ನು ತೂಗುಹಾಕಿ ಗುಳ್ಳೆ ಹೋಗುವ ತನಕ ಓಡಿಸಿ. ಇನ್ನು ಪಾಚಿ, ದಿನದ ಕೊನೆಗೆ ನೀರು ಪೂರ್ತಿ ಬಸಿಯಿರಿ.

ಕಂಪ್ರೆಸರ್ ಗಾಳಿಯ ವೆಸ್ಟ್?

ಸೆಕೆಗೆ ಇದಕ್ಕಿಂತ ಚೆನ್ನಾಗಿ ಒಗ್ಗುವಂಥದ್ದು ವಿರಳ. ಹಿಂಡಿದ ಗಾಳಿಯ ನೀರು ಕಂಪ್ರೆಸರ್ ಬಳಿಯೇ ಬೇರ್ಪಡುತ್ತದೆ, ಆದ್ದರಿಂದ ವೆಸ್ಟಿಗೆ ಬರುವುದು ಒಣ ಗಾಳಿ, ಬೆವರು ಮತ್ತೆ ಆರತೊಡಗುತ್ತದೆ. ಜೊತೆಗೆ ವೋರ್ಟೆಕ್ಸ್ ಟ್ಯೂಬ್ ಇದ್ದರೆ ಗಾಳಿ ಬಿಸಿ, ತಂಪು ಎಂದು ಸೀಳಿ ತಂಪಿನ ಪಾಲು ವೆಸ್ಟಿಗೆ ಹೋಗುತ್ತದೆ.

ಹಸಿವು ಮಾತ್ರ ದೊಡ್ಡದು: 6–7 ಬಾರ್ ಒತ್ತಡದಲ್ಲಿ ಒಬ್ಬರಿಗೆ ನಿಮಿಷಕ್ಕೆ 400ರಿಂದ 700 ಲೀಟರ್. ಅಂದರೆ ಕಂಪ್ರೆಸರ್‌ನಲ್ಲಿ ಮೂರರಿಂದ ಐದು ಕಿಲೋವಾಟ್. ಉದ್ದದ ಸಣ್ಣ ಹೋಸ್ ಹಾಕಿದರೆ ಒತ್ತಡ ಬಿದ್ದು ತಂಪು ಮಾಯ; ಹೋಸ್ ಬಿಸಿಲಲ್ಲಿ ಬಿದ್ದಿದ್ದರೂ ಹಾಗೆಯೇ. ಗಾಳಿ ಉಸಿರಾಟಕ್ಕೆ ಯೋಗ್ಯವಾಗಿರಬೇಕು, ಎಣ್ಣೆಯ ಮಂಜು ಬರಬಾರದು. ಕಾರ್ಖಾನೆಯ ನೈಟ್ರೋಜನ್ ಲೈನಿಗೆ ತಪ್ಪಿ ಜೋಡಿಸಿದರೆ ಮುಚ್ಚಿದ ಸೂಟಿನಲ್ಲಿ ಸಾವೇ ಗತಿ, ಆದ್ದರಿಂದ ಜೋಡಣೆಯ ಕಪ್ಲಿಂಗ್ ಬೇರೆ ಮಾದರಿಯದೇ ಇರಲಿ.

ಕುತ್ತಿಗೆಗೆ ಹಾಕುವ ಬ್ಯಾಟರಿ ಕೂಲರ್ ಸಾಲದೇ?

ಸಾಲದು. ಲೋಹದ ತಟ್ಟೆಗಳೆಲ್ಲ ಸೇರಿ 40 ಚದರ ಸೆಂಟಿಮೀಟರ್ ಇದ್ದಾವು. ಮೈಯ ಮೇಲ್ಮೈ ಸುಮಾರು 18,000. ಹಿತ ಎನಿಸುತ್ತದೆ, ಅಪಾಯ ಇರುವುದೂ ಅಲ್ಲೇ: ಒಳಗಿನ ಉಷ್ಣತೆ ಏರುತ್ತಿದ್ದರೂ ತಂಪಾಗಿದೆ ಎಂದುಕೊಂಡು ಮಂದಿ ಕೆಲಸ ಮುಂದುವರಿಸುತ್ತಾರೆ.

ಬೆಲ್ಟ್, ವೆಲ್ಡಿಂಗ್, ಯಂತ್ರಗಳ ಬಳಿ?

ಎತ್ತರದ ಕೆಲಸದ ಹಾರ್ನೆಸ್ ವೆಸ್ಟಿನ ಮೇಲೆ ಬರಬೇಕು, ವೆಸ್ಟ್ ಹಾಕಿದ ಮೇಲೆ ಪಟ್ಟಿಗಳನ್ನು ಹೊಸದಾಗಿ ಹೊಂದಿಸಬೇಕು. ಪ್ಯಾಕ್ ತೆಗೆದರೆ ಮತ್ತೆ ಹೊಂದಿಸಬೇಕು. ಪಾಲಿಯೆಸ್ಟರ್, ನೈಲಾನ್ ಕಿಡಿಗೆ ಕರಗಿ ಮೈಗೆ ಅಂಟುತ್ತವೆ. ವೆಲ್ಡಿಂಗ್‌ಗೆ ಬೆಂಕಿ ತಡೆಯುವ ಬಟ್ಟೆಯದೇ ಬೇಕು. ಹೊಳೆಯುವ ಪಟ್ಟಿಯ ಜಾಕೆಟನ್ನು ವೆಸ್ಟ್ ಮುಚ್ಚಬಾರದು.

ವೆಸ್ಟ್ ಕೊಟ್ಟಿದ್ದೇವೆ, ಬಿಡುವು ಕಡಿಮೆ ಮಾಡಬಹುದೇ?

ಬೇಡ. ಬಿಡುವನ್ನು ನಿರ್ಧರಿಸುವ ಅಳತೆ ಡಬ್ಲ್ಯೂಬಿಜಿಟಿ, ಅಂದರೆ ಸೆಕೆ ಮತ್ತು ಸುತ್ತಲಿನಿಂದ ಸೂಸುವ ಬಿಸಿ ಎರಡನ್ನೂ ಸೇರಿಸಿದ ಅಂಕಿ. ಒಳಾಂಗಣದಲ್ಲಿ ಅದು ಒದ್ದೆ ಬಲ್ಬಿನ ಉಷ್ಣತೆಯ 0.7 ಪಾಲು, ಕಪ್ಪು ಗೋಳದೊಳಗಿಟ್ಟ ಥರ್ಮಾಮೀಟರಿನದು 0.3 ಪಾಲು ಸೇರಿದ್ದು. ವೆಸ್ಟ್ ಹಾಕಿದ ಮಾತ್ರಕ್ಕೆ ಕೋಣೆಯ ಅಂಕಿ ಬದಲಾಗುವುದಿಲ್ಲ. ಹೊಸಬರಿಗೆ ಮೊದಲ ದಿನ ಬಿಸಿಯಲ್ಲಿ ಪೂರ್ತಿ ಕೆಲಸದ ಶೇ. 20 ಮಾತ್ರ, ಆಮೇಲೆ ದಿನಕ್ಕೆ ಶೇ. 20ರಂತೆ ಏರಿಸಿ, ಮೈ ಪೂರ್ತಿ ಒಗ್ಗಲು 7ರಿಂದ 14 ದಿನ ಬೇಕು. ನೀರು 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 240 ಮಿಲಿಲೀಟರ್, ಗಂಟೆಗೆ 1.4 ಲೀಟರ್ ಮೀರಬಾರದು.

ನಾಡಿ 180ರಲ್ಲಿ ವಯಸ್ಸು ಕಳೆದಷ್ಟಕ್ಕಿಂತ ಮೇಲೆ ಕೆಲವು ನಿಮಿಷ ನಿಂತರೆ ಕೆಲಸ ನಿಲ್ಲಿಸಬೇಕು. ನಲವತ್ತು ವರ್ಷದವರಿಗೆ ಅದು 140. ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ಅಲರ್ಜಿ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರನ್ನು ಕೇಳಲಿ.

ಬಿಡುವಿನಲ್ಲಿ ಮೊಣಕೈ ತನಕ ಎರಡೂ ಕೈಗಳನ್ನು 10ರಿಂದ 20 ಡಿಗ್ರಿ ನೀರಿನಲ್ಲಿ ಕಾಲು ಗಂಟೆ ಮುಳುಗಿಸುವುದು ಬಹಳ ಅಗ್ಗದ, ಬಹಳ ಗುಣದ ಉಪಾಯ. ಅಂಗೈಯಲ್ಲಿ ರಕ್ತ ಧಾರಾಳ ಹರಿಯುತ್ತದೆ. ದುಬಾರಿ ವೆಸ್ಟ್ ಕೊಳ್ಳುವ ಮೊದಲು ಬಕೆಟ್ ಇಟ್ಟು ನೋಡಿ.

ಯಾರಾದರೂ ಕುಸಿದು ಬಿದ್ದರೆ ವೆಸ್ಟ್ ಹಾಕಿಸಬೇಕೇ?

ಹಾಕಿದ್ದರೆ ತೆಗೆಯಿರಿ. ಮಾತು ತೊದಲುವುದು, ಗಲಿಬಿಲಿ, ಎಚ್ಚರ ತಪ್ಪುವುದು ಹೀಟ್ ಸ್ಟ್ರೋಕಿನ ಲಕ್ಷಣ. ಬೆವರುತ್ತಿದ್ದರೂ ಅದು ಹೀಟ್ ಸ್ಟ್ರೋಕೇ ಆಗಿರಬಹುದು. ಆಂಬುಲೆನ್ಸ್ ಕರೆಯಿರಿ, ಬರುವ ತನಕ ಕಾಯದೆ ತಲೆ ನೀರಿನ ಮೇಲಿರುವಂತೆ ಹಿಡಿದು ಕುತ್ತಿಗೆವರೆಗೆ ಐಸ್ ನೀರಿನ ತೊಟ್ಟಿಯಲ್ಲಿ ಮುಳುಗಿಸಿ. ಅದು ನಿಮಿಷಕ್ಕೆ 0.15ರಿಂದ 0.2 ಡಿಗ್ರಿ ಇಳಿಸುತ್ತದೆ, ವೆಸ್ಟಿಗೆ ಆ ವೇಗ ಇಲ್ಲ. ತೊಟ್ಟಿ ಇಲ್ಲದಿದ್ದರೆ ಮೈಮೇಲೆಲ್ಲ ತಣ್ಣೀರು ಸುರಿಯುತ್ತಲೇ ಇರಿ, ಫ್ಯಾನ್ ಹಾಕಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ತೊಳೆಯುವುದು?

ಪ್ಯಾಕ್, ಬ್ಯಾಟರಿ, ಫ್ಯಾನ್ ತೆಗೆದು ಬಟ್ಟೆಯನ್ನು ಕೈಯಲ್ಲಿ ಒಗೆಯಿರಿ, ದಿನಾ. ಒಬ್ಬರದು ಇನ್ನೊಬ್ಬರಿಗೆ ಬೇಡ. ಒದ್ದೆಯಾಗಿ ಸುತ್ತಿಟ್ಟರೆ ಬೂಷ್ಟು ಹಿಡಿದು ಮೈಗೆ ತುರಿಕೆ ಹತ್ತುತ್ತದೆ.

ಕೊಳ್ಳುವ ಮೊದಲು ಪರೀಕ್ಷಿಸುವುದು ಹೇಗೆ?

ಮಾರುವವರನ್ನು ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಎಫ್2371 ಪರೀಕ್ಷೆಯ ಅಂಕಿ ಕೇಳಿ. ಬೆವರುವ ಗೊಂಬೆಗೆ ಉಡುಪು ತೊಡಿಸಿ ಎಷ್ಟು ವಾಟ್ ಎಳೆಯುತ್ತದೆ ಎಂದು ಅಳೆಯುವ ಕ್ರಮ ಅದು. ಆದರೆ ಆ ಪರೀಕ್ಷೆ ನಡೆಯುವುದು 35 ಡಿಗ್ರಿ, ಶೇ. 40 ತೇವಾಂಶದಲ್ಲಿ. ನೆನೆಸುವ ವೆಸ್ಟ್ ಅಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಆದ್ದರಿಂದ ನಿಮ್ಮ ಜಾಗದಲ್ಲೇ ಒಂದು ವಾರ ನೋಡಿ. ನಾಲ್ಕೈದು ಜನರನ್ನು ಆರಿಸಿ. ಒಂದು ದಿನ ವೆಸ್ಟ್ ಇಲ್ಲದೆ, ಮರುದಿನ ವೆಸ್ಟ್ ಹಾಕಿ ಅದೇ ಕೆಲಸ ಮಾಡಿಸಿ. ಪಾಳಿಯ ಮೊದಲು, ಆಮೇಲೆ ಬಟ್ಟೆ ತೆಗೆದು ತೂಕ ನೋಡಿ, ಕುಡಿದ ನೀರನ್ನು ಬರೆದಿಡಿ. ತೂಕದ ಇಳಿಕೆಗೆ ಕುಡಿದದ್ದನ್ನು ಕೂಡಿ, ಮೂತ್ರವನ್ನು ಕಳೆದರೆ ಬೆವರಿನ ಅಳತೆ ಸಿಗುತ್ತದೆ. ಅರ್ಧ ಗಂಟೆಗೊಮ್ಮೆ ನಾಡಿ ಎಣಿಸಿ, ಆ ದಿನದ ಡಬ್ಲ್ಯೂಬಿಜಿಟಿ ಪಕ್ಕದಲ್ಲಿ ಬರೆಯಿರಿ. ಪ್ಯಾಕ್ ಹಾಕಿದ ಹೊತ್ತು, ಮೆತ್ತಗಾದ ಹೊತ್ತು ಬೇರೆ ಕಾಲಮ್ಮಿನಲ್ಲಿ. ಮೂರನೇ ದಿನದಿಂದ ಯಾರು ವೆಸ್ಟನ್ನು ಮೂಲೆಗೆ ಎಸೆದಿದ್ದಾರೆ ಎಂಬುದನ್ನೂ ಬರೆಯಿರಿ, ಕಾರಣ ಕೇಳಿ: ಭುಜಕ್ಕೆ ಭಾರವೋ, ಪಟ್ಟಿ ಉಜ್ಜುತ್ತದೋ, ಬಗ್ಗಲು ಅಡ್ಡಿಯೋ.